‘ಬಡತನದಲ್ಲಿ ಬೆಳೆದ ಮಕ್ಕಳೇ ಗಟ್ಟಿ’: ಈ ಫಾರ್ವರ್ಡ್ ಎಷ್ಟು ನಿಜ?

‘ನಮ್ಮ ಕಾಲದಲ್ಲಿ ಒಪ್ಪೊತ್ತಿನ ಊಟ, ಆದರೂ ನಾವು ಗಟ್ಟಿ. ಈಗಿನ ಮಕ್ಕಳಿಗೆ ಎಲ್ಲಾ ಇದೆ, ಶಕ್ತಿಯೇ ಇಲ್ಲ.’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಓದಲು ಹಿತವಾಗಿರುತ್ತದೆ. ಆದರೆ ಹೀಗೆ ಹೇಳುವವರು ಆ ಕಷ್ಟ ದಾಟಿ ಬಂದವರು. ಅದೇ ಹಸಿವಿನಲ್ಲಿ ತೀರಿಕೊಂಡವರು, ಶಾಲೆ ಬಿಟ್ಟು ಕೂಲಿಗೆ ಹೋದವರು ಗ್ರೂಪಿನಲ್ಲಿ ಇಲ್ಲ.

ಬಾಲ್ಯದ ಹಸಿವು ಆ ಮಗುವಿನ ಜೊತೆಗೇ ಮುಗಿಯುವುದೂ ಇಲ್ಲ. ಇದಕ್ಕೆ ನಮ್ಮಲ್ಲೇ ಪುರಾವೆ ಇದೆ: ಶಾಲೆಯ ಬಿಸಿಯೂಟ.

ತಮಿಳುನಾಡಿನಲ್ಲಿ 1982ರಲ್ಲೇ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಊಟ ಕೊಡಲು ಶುರುಮಾಡಿದ್ದರು. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಬಂತು. ಒಂದೊಂದು ರಾಜ್ಯ ಒಂದೊಂದು ಸಮಯಕ್ಕೆ ಶುರುಮಾಡಿದ್ದರಿಂದ, ಊಟ ಸಿಕ್ಕ ಹುಡುಗಿಯರನ್ನು ಸಿಗದವರ ಜೊತೆ ಹೋಲಿಸುವ ಅವಕಾಶ ಸಂಶೋಧಕರಿಗೆ ಸಿಕ್ಕಿತು. ಆ ಹುಡುಗಿಯರು ತಾಯಂದಿರಾದ ಮೇಲೆ ಅವರ ಮಕ್ಕಳ ಎತ್ತರ ನೋಡಿದ ಅಧ್ಯಯನವೊಂದು 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಶಾಲೆಯಲ್ಲಿ ಊಟ ಸಿಕ್ಕ ತಾಯಂದಿರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರದಲ್ಲಿ ಮುಂದಿದ್ದರು. ಬಡ ಕುಟುಂಬಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಅಮ್ಮ ಹತ್ತನೇ ವಯಸ್ಸಿನಲ್ಲಿ ಉಂಡ ಅನ್ನ–ಸಾರು ಮಗುವಿಗೆ ತಲುಪುವುದು ಹೇಗೆ? ಮ್ಯಾಜಿಕ್ ಏನಿಲ್ಲ. ಊಟ ಇದ್ದರೆ ಹುಡುಗಿ ಶಾಲೆಯಲ್ಲಿ ಇನ್ನೊಂದೆರಡು ವರ್ಷ ಉಳಿಯುತ್ತಾಳೆ. ತಡವಾಗಿ ತಾಯಿಯಾಗುತ್ತಾಳೆ, ಮಕ್ಕಳೂ ಕಡಿಮೆ. ಬಸುರಿಯಾದಾಗ ತಪಾಸಣೆಗೆ ಹೋಗುವ, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಊಟ ಸಿಗದಿದ್ದರೆ ಇದೇ ಸರಪಳಿ ಉಲ್ಟಾ ಓಡುತ್ತದೆ.

ಇದು ಪ್ರಯೋಗಾಲಯದ ಪರೀಕ್ಷೆಯಲ್ಲ. ಎಲ್ಲವೂ ಊಟದಿಂದಲೇ ಆಯಿತು ಎನ್ನಲಾಗದು. ಆದರೂ ‘ಅವರ ವಂಶವೇ ಗಿಡ್ಡ’ ಎನ್ನುವ ಮಾತನ್ನು ಇದು ಅಲುಗಾಡಿಸುತ್ತದೆ. ರಕ್ತದಲ್ಲಿ ಬಂದದ್ದು ಎಂದುಕೊಂಡದ್ದರಲ್ಲಿ ಒಂದಷ್ಟು ತಟ್ಟೆಯಿಂದ ಬಂದದ್ದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಇದರಲ್ಲಿ ಬಹುಪಾಲು ಆಗುವುದು ಹೊಟ್ಟೆಯಲ್ಲಿರುವಾಗ ಮತ್ತು ಹುಟ್ಟಿದ ಮೊದಲ ಎರಡು ವರ್ಷದಲ್ಲಿ, ಬಿಸಿಯೂಟದ ವಯಸ್ಸಿಗೆ ಎಷ್ಟೋ ಮುಂಚೆ. ಆಗ ಹತ್ತಿರವಿರುವುದು ಅಂಗನವಾಡಿ. ಬಸುರಿ–ಬಾಣಂತಿಯರಿಗೆ ಅಲ್ಲಿ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾಯಿತು. ಅದನ್ನು ‘ಪುಕ್ಕಟೆ ಊಟ’ ಎಂದು ಆಡಿಕೊಳ್ಳುವ ಫಾರ್ವರ್ಡ್ ಬಂದರೆ, ಆ ತಟ್ಟೆಯಲ್ಲಿ ಇಬ್ಬರು ಉಣ್ಣುತ್ತಿದ್ದಾರೆ ಎಂದು ಉತ್ತರಿಸಬಹುದು.