ಮಹಡಿಯ ಕೈತೋಟಕ್ಕೆ ನೀರೇ ಅಳತೆಗೋಲು

ಕಳ್ಳಕವಟಗಿ ಹಾಗೂ ಸುತ್ತಲಿನ ಗ್ರಾಮಗಳಿಂದ ಉದ್ಯೋಗ, ಮಕ್ಕಳ ವಿದ್ಯಾಭ್ಯಾಸಗಳ ನಿಮಿತ್ತ ವಿಜಯಪುರ ನಗರಕ್ಕೆ ಬಂದು ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿದ ಸದ್ಭಕ್ತರು ಅನೇಕರು. ಊರಿನ ಹೊಲ, ಹಿತ್ತಿಲುಗಳಲ್ಲಿ ಕೈತುಂಬ ದೊರೆಯುತ್ತಿದ್ದ ರಾಜಗಿರಿ, ಪುಂಡಿ, ಹತ್ತರಕಿ ಪಲ್ಯಗಳು ನಗರದ ಊಟದ ತಾಟಿನಿಂದ ಮರೆಯಾಗುತ್ತಿವೆ. ಇದು ಕೇವಲ ರುಚಿಯ ಪ್ರಶ್ನೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಆದುದರಿಂದ ಬಾಲ್ಕನಿಯ ನಾಲ್ಕಾರು ಕುಂಡಗಳನ್ನು ನಾವು ಅಲಂಕಾರವೆಂದು ಎಣಿಸದೆ, ಆರೋಗ್ಯದ ಸಾಧನವೆಂದೇ ಎಣಿಸುತ್ತೇವೆ.

ಬರದ ಜಿಲ್ಲೆಯಲ್ಲಿ ಕುಂಡಗಳಿಗೆ ನೀರು ಸುರಿಯುವುದು ಸರಿಯೇ ಎಂದು ಕೆಲವರು ಕೇಳುವುದುಂಟು. ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ತಿಕೋಟಾ ಭಾಗದ ರೈತರ ಕಷ್ಟವನ್ನು ಬಲ್ಲ ನಮಗೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಅದಕ್ಕೆ ಉತ್ತರವೂ ಇದೆ: ಎಷ್ಟು ಸ್ಥಳವಿದೆ ಎಂದು ನೋಡಿ ಕುಂಡ ಇಡಬೇಡಿ, ಎಷ್ಟು ನೀರು ಉಳಿಯುತ್ತದೆ ಎಂದು ನೋಡಿ ಇಡಿ. ಬೇಸಿಗೆಯಲ್ಲಿ ಒಂದು ಕುಂಡಕ್ಕೆ ದಿನಕ್ಕೆ ಒಂದೆರಡು ಲೀಟರ್ ಬೇಕು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಎಂಟು ಲೀಟರ್ ಸಿಗುವ ಮನೆಗೆ ಐದು ಕುಂಡ ಸಾಕು. ಸಾಬೂನು ಅಥವಾ ಉಪ್ಪು ಬೆರೆತ ನೀರು ಬೇಡ. ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನೇ ನಿತ್ಯವೂ ಹಾಕಬಾರದು.

ಎರಡನೆಯದು ಭಾರ. ನಮ್ಮ ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ, ತೂಕವೂ ಅಧಿಕ. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಇವುಗಳನ್ನು ಸಮಪಾಲಿನಲ್ಲಿ ಬೆರೆಸಿದರೆ ಹಗುರವೂ ಆಗುತ್ತದೆ, ತೇವವೂ ನಿಲ್ಲುತ್ತದೆ. ದೊಡ್ಡ ಕುಂಡಗಳನ್ನು ಗೋಡೆಯ ಬದಿಗೆ ಇಡಬೇಕು. ಕಟಾಂಜನದ ಮೇಲೆ ಯಾವುದನ್ನೂ ಇಡಬಾರದು, ಕೆಳಗೆ ಮಕ್ಕಳು ಓಡಾಡುತ್ತಾರೆ.

ಬಿಸಿಲು ನಾಲ್ಕು ತಾಸು ಬೀಳುವಲ್ಲಿ ಸೊಪ್ಪು ಬೆಳೆಯುತ್ತದೆ. ಟೊಮ್ಯಾಟೊ, ಬದನೆಗಳಿಗೆ ಆರು ತಾಸಾದರೂ ಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳು ಬಲೆ ಅವಶ್ಯ. ಆರಂಭಕ್ಕೆ ಮೆಂತ್ಯ, ರಾಜಗಿರಿ, ಪುಂಡಿ ಉತ್ತಮ. ಇವುಗಳಿಗೆ ಒಂದು ಗೇಣು ಆಳದ ತಟ್ಟೆ ಸಾಕು. ಮೆಂತ್ಯ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಪುಂಡಿಯ ಕುಡಿ ಚಿವುಟಿದಷ್ಟೂ ಚಿಗುರುತ್ತದೆ. ಹದಿನೈದು ದಿನಗಳ ಅಂತರದಲ್ಲಿ ಬೀಜ ಹಾಕುತ್ತಿದ್ದರೆ ಸೊಪ್ಪು ಒಮ್ಮೆಲೆ ಬಂದು ಹಾಳಾಗದು.

ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹತ್ತಬೇಕಾದರೆ ಮೇಲೆ ನಿಂಬೆರಸ ಹಿಂಡಬೇಕು. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿ ಬಿಡಬೇಕು. ರಕ್ತಹೀನತೆಗೆ ವೈದ್ಯರು ಕೊಟ್ಟ ಗುಳಿಗೆಯನ್ನು ಮಾತ್ರ ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಕೂಡದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಒಂದು ವಾರದಿಂದ ಹತ್ತು ದಿನಗಳಲ್ಲಿ ಬೆಳೆಯುತ್ತದೆ. ವಾರಕ್ಕೆರಡು ಬಾರಿ ಆ ತಟ್ಟೆಗಳನ್ನು ಬರಿದು ಮಾಡಿ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಆರೋಗ್ಯಕ್ಕೆಂದು ಇಟ್ಟ ಕುಂಡವೇ ರೋಗವನ್ನು ಕರೆತರುತ್ತದೆ.

ಪೇಟೆಯಲ್ಲಿ ಸೊಪ್ಪು ಸಿಗುವಾಗ ಈ ಶ್ರಮವೇಕೆ ಎನ್ನುವವರಿಗೆ ನಮ್ಮ ಮಾತು ಇಷ್ಟೇ: ಯಾವ ಔಷಧಿಯನ್ನೂ ಸಿಂಪಡಿಸದ ಸೊಪ್ಪು ಇದೆಂದು ನಾವು ನಿಶ್ಚಯವಾಗಿ ಹೇಳಬಲ್ಲದ್ದು ನಾವೇ ಬೆಳೆದದ್ದನ್ನು ಮಾತ್ರ. ಕಾಯಕವನ್ನು ನಂಬಿದ ಮನೆತನಗಳಿಗೆ ಮುಂಜಾನೆಯ ಕಾಲು ತಾಸಿನ ಈ ದುಡಿಮೆ ಹೊರೆಯಾಗದು. ಮೊದಲು ಎರಡು ಕುಂಡ ಇಡಿ. ಅವು ಒಂದು ಬೇಸಿಗೆ ದಾಟಿದ ಮೇಲೆ ಮೂರನೆಯದನ್ನು ತನ್ನಿ. ಹೆಚ್ಚಾದ ಸೊಪ್ಪನ್ನು ನೆರೆಮನೆಗೆ ಕೊಡಿ. ದಾಸೋಹಕ್ಕೆ ಒಂದು ಹಿಡಿ ಮೆಂತ್ಯವೂ ಸಲ್ಲುತ್ತದೆ.