ಮದನಿಕೆಯನ್ನು ಪ್ರಿಂಟ್ ಮಾಡುವುದು ಬೇಡ

2023ರ ಆಗಸ್ಟ್ 18ರಂದು ಬೆಂಗಳೂರಿನ ಹಲಸೂರು ಸಮೀಪದ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. ಸರಿಯಾಗಿ ಒಂದು ತಿಂಗಳ ಮೇಲೆ, ಸೆಪ್ಟೆಂಬರ್ 18ರಂದು, ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡನೆಯ ಸುದ್ದಿಗೆ ನಾಡೆಲ್ಲ ಹಿಗ್ಗಿತು. ಮೊದಲನೆಯದು ನಾಲ್ಕು ದಿನ ಮೊಬೈಲುಗಳಲ್ಲಿ ಓಡಾಡಿ ಮರೆಯಾಯಿತು. ಅದು ದೇಶದ ಮೊದಲ 3ಡಿ ಪ್ರಿಂಟೆಡ್ ಅಂಚೆ ಕಚೇರಿ. ಅದರ ಗೋಡೆ ಎಬ್ಬಿಸಿದ್ದು ಗಾರೆಯವರ ಕರಣೆಯಲ್ಲ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಚಲಿಸುವ ಯಂತ್ರ.

ಚೆನ್ನಕೇಶವನ ಪಕ್ಕದಲ್ಲಿ ಅಂಚೆ ಕಚೇರಿಯನ್ನು ತಂದು ಕೂರಿಸುತ್ತೀರಾ ಎಂದು ಓದುಗರು ಮುನಿಯಬಹುದು. ಕೂರಿಸಲು ಕಾರಣವಿದೆ. ಈ ಯಂತ್ರ ಇಂದಲ್ಲ ನಾಳೆ ಹಾಸನ ಜಿಲ್ಲೆಗೂ ಬರುತ್ತದೆ. ಬಂದಾಗ ಅದರಿಂದ ನಾವು ಮಾಡಿಸುವ ಮೊದಲ ಕೆಲಸ ಯಾವುದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಊರ ಬಾಗಿಲಲ್ಲಿ ಹುಲಿ ಕೊಲ್ಲುವ ಸಳ, ರೆಸಾರ್ಟಿನ ಮುಂದೆ ದರ್ಪಣ ಸುಂದರಿ. ಆ ಕೆಲಸಕ್ಕೆ ಕೈ ಹಾಕುವ ಮೊದಲೇ ಬೇಡವೆಂದು ಹೇಳಿಬಿಡುವುದು ಈ ಬರಹದ ಉದ್ದೇಶ.

ಮೊದಲು ಯಂತ್ರದ ವಿಷಯ. ಹಲಸೂರಿನ ಕಟ್ಟಡ 1,021 ಚದರಡಿಯದು. ಐಐಟಿ ಮದ್ರಾಸ್‌ನ ತಾಂತ್ರಿಕ ಸಲಹೆಯೊಂದಿಗೆ ಎಲ್ ಅಂಡ್ ಟಿ ಕಂಪನಿ 43 ದಿನಗಳಲ್ಲಿ ಅದನ್ನು ಮುಗಿಸಿಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ, 2021ರಲ್ಲಿ, ಐಐಟಿ ಮದ್ರಾಸ್ ಆವರಣದಲ್ಲಿ ಅಲ್ಲಿನ ಹಳೆಯ ವಿದ್ಯಾರ್ಥಿಗಳ ತ್ವಸ್ತಾ ಸಂಸ್ಥೆ ಇದೇ ಬಗೆಯ ಪುಟ್ಟ ಮನೆಯೊಂದನ್ನು ಕಟ್ಟಿ ತೋರಿಸಿತ್ತು. ಯಂತ್ರದಲ್ಲಿ ಎರಡು ಬಗೆ. ಒಂದು ಕಟ್ಟಡಕ್ಕಿಂತ ಎತ್ತರದ ಉಕ್ಕಿನ ಚೌಕಟ್ಟಿನ ಮೇಲೆ ಓಡಾಡುತ್ತದೆ. ಇನ್ನೊಂದು ಕಾರು ಕಾರ್ಖಾನೆಗಳಲ್ಲಿ ಕಾಣುವ ರೋಬೋಟ್ ತೋಳು. ಎರಡೂ ಮಾಡುವುದು ಚಕ್ಕುಲಿ ಒರಳಿನ ಕೆಲಸವನ್ನೇ. ಜಲ್ಲಿಯಿಲ್ಲದ ಗಾರೆ, ಅಂದರೆ ಸಿಮೆಂಟು, ನುಣ್ಣನೆಯ ಮರಳು, ಹಾರುಬೂದಿ, ಒಂದಿಷ್ಟು ರಾಸಾಯನಿಕ, ಪಂಪಿನಿಂದ ಕೊಳವೆಗೆ ಬಂದು ಮೂತಿಯಿಂದ ಹೊರಬೀಳುತ್ತದೆ. ಮೂತಿ ಸಾಗಿದ ದಾರಿಯೇ ಗೋಡೆ. ಬೆರಳು ದಪ್ಪದ ಒಂದು ಪದರ, ಅದರ ಮೇಲೆ ಇನ್ನೊಂದು. ಹದ ತಪ್ಪಿದರೆ ಕೆಲಸ ಕೆಟ್ಟಿತು. ಗಟ್ಟಿಯಾದರೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ, ತೆಳುವಾದರೆ ಮೇಲಿನ ಭಾರಕ್ಕೆ ಕೆಳಗಿನದು ಜರಿಯುತ್ತದೆ. ಬೇಗ ಬಿಗಿದುಕೊಂಡರೆ ಮೇಲಿನ ಪದರ ಕೆಳಗಿನದಕ್ಕೆ ಕಚ್ಚುವುದಿಲ್ಲ. ಯಂತ್ರದ ಪಕ್ಕದಲ್ಲಿ ನಿಂತು ಬಿಸಿಲು, ಗಾಳಿ ನೋಡಿಕೊಂಡು ನೀರು ಹೆಚ್ಚು ಕಡಿಮೆ ಮಾಡುವ ಮನುಷ್ಯ ಹಾಗಾಗಿ ಇನ್ನೂ ಬೇಕು.

ಈಗ ಬೇಲೂರಿಗೆ. ನವರಂಗದೊಳಗೆ ಹೋಗಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಯಾವುದಾದರೂ ದುಂಡು ಕಂಬದ ಪಕ್ಕ ನಿಂತು ನೋಡಿ. ಬುಡದ ಚೌಕದ ಮೇಲೆ ಗಂಟೆಯಾಕಾರದ ಭಾಗ, ಅದರ ಮೇಲೆ ಸಣ್ಣಗಾದ ಕೊರಳು, ಮತ್ತೆ ಚಪ್ಪಟೆಯಾಗಿ ಹೊರಚಾಚಿದ ಅಂಚು. ಸಣ್ಣ ಗೀರುಗಳು ಕಂಬವನ್ನು ಸುತ್ತಿ ಹೊರಟಲ್ಲಿಗೇ ಬಂದು ಕೂಡುತ್ತವೆ, ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲದೆ. ಟಾರ್ಚಿನ ಬೆಳಕು ಬಿಟ್ಟರೆ ಹೊಳಪು ಕಂಬದ ಮೈಮೇಲೆ ಒಂದೇ ಗೆರೆಯಾಗಿ ಇಳಿಯುತ್ತದೆ. ಬರಿಯ ಉಳಿ ಸುತ್ತಿಗೆಯಿಂದ ಆಗುವ ಕೆಲಸವಲ್ಲ ಇದು. ಒರಟಾಗಿ ಕಡಿದ ಕಲ್ಲನ್ನು ತಿರುಗಣಿಗೆ ಕೊಟ್ಟು, ಸುತ್ತುವ ಕಲ್ಲಿಗೆ ಉಳಿ ಹಿಡಿದು ಕಡೆದದ್ದು. ಬಳಪದ ಕಲ್ಲು ಮೆದುವಾಗಿದ್ದುದರಿಂದ ಅದು ಸಾಧ್ಯವಾಯಿತು. ಹೊಯ್ಸಳರಿಗೆ ಈ ವಿದ್ಯೆ ಬಂದದ್ದು ಕಲ್ಯಾಣದ ಚಾಲುಕ್ಯರ ಕಾಲದ ಕಂಬ ಕಡೆಯುವವರಿಂದ.

ಅಂದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯೊಳಗೆ ಯಂತ್ರ ಆಗಲೇ ಇತ್ತು. ನಮ್ಮ ಜನಪದದ ನೆನಪು ಜಕಣಾಚಾರಿಯ ಉಳಿಯನ್ನು ಉಳಿಸಿಕೊಂಡಿತು, ತಿರುಗಣಿಯನ್ನು ಮರೆತುಬಿಟ್ಟಿತು. ಕಲೆ ಕೈಯದು, ಯಂತ್ರ ಬಂದರೆ ಕಲೆ ಕೆಟ್ಟಿತು ಎಂದು ಭಾಷಣ ಮಾಡುವವರು ಬೇಲೂರನ್ನು ಉದಾಹರಣೆಗೆ ಎಳೆದು ತರುವುದು ಅದಕ್ಕೇ ನಮಗೆ ತಮಾಷೆಯಾಗಿ ಕಾಣುತ್ತದೆ.

ಆದರೆ ತಿರುಗಣಿಯವರು ತಿರುಗಣಿಗೇ ನಿಲ್ಲಲಿಲ್ಲ. ನವರಂಗದ 48 ಕಂಬಗಳಲ್ಲಿ ನಡುವಿನ ನಾಲ್ಕನ್ನು ಬಿಟ್ಟರೆ ಒಂದರಂತೆ ಇನ್ನೊಂದಿಲ್ಲ. ಕೆಲವನ್ನು ಯಂತ್ರ ಕೊಟ್ಟ ದುಂಡಿನಲ್ಲೇ ಬಿಟ್ಟಿದ್ದಾರೆ. ಕೆಲವಕ್ಕೆ ಮೂಲೆ ಮೂಡಿಸಿ ನಕ್ಷತ್ರ ಮಾಡಿದ್ದಾರೆ. ನರಸಿಂಹ ಕಂಬದ ಮೈಮೇಲೆ ಅಂಗೈಗಿಂತ ಚಿಕ್ಕ ವಿಗ್ರಹಗಳನ್ನು ಮೇಲಿಂದ ಕೆಳಗಿನವರೆಗೆ ತುಂಬಿದ್ದಾರೆ. ಎಲ್ಲಿ ಯಂತ್ರವನ್ನು ನಿಲ್ಲಿಸಬೇಕೆಂಬುದು ಒಂದೊಂದು ಕಂಬಕ್ಕೂ ಬೇರೆ ಬೇರೆಯಾಗಿ ಆದ ತೀರ್ಮಾನ.

ಇದರ ಎದುರು ಸ್ವಿಟ್ಜರ್ಲೆಂಡಿನ ಒಂದು ಗೋಪುರವನ್ನು ಇಡಬೇಕು. ಆಲ್ಪ್ಸ್ ಬೆಟ್ಟಗಳ ಮುಲೆನ್ಸ್ ಎಂಬ, ಹತ್ತಾರು ಜನರೂ ಇಲ್ಲದಂಥ ಹಳ್ಳಿಯಲ್ಲಿ 2025ರ ಮೇ ತಿಂಗಳಲ್ಲಿ ತೋರ್ ಆಲ್ವ ಎಂಬ ಬಿಳಿ ಗೋಪುರ ತೆರೆಯಿತು. ಎತ್ತರ ಸುಮಾರು 30 ಮೀಟರ್. ವಿನ್ಯಾಸ ಮೈಕೆಲ್ ಹ್ಯಾನ್ಸ್‌ಮೈಯರ್ ಮತ್ತು ಬೆಂಜಮಿನ್ ಡಿಲೆನ್‌ಬರ್ಗರ್ ಅವರದು, ಕೆಲಸ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ್ದು. ಅದರ 32 ಕಂಬಗಳನ್ನು ರೋಬೋಟ್ ಪ್ರಿಂಟ್ ಮಾಡಿತು. ಒಂದು ರೋಬೋಟ್ ಕಾಂಕ್ರೀಟು ಸುರಿಯುತ್ತಿದ್ದರೆ ಇನ್ನೊಂದು ನಡುನಡುವೆ ಕಬ್ಬಿಣದ ಬಳೆ ಕೂರಿಸುತ್ತಿತ್ತು. ಅಲ್ಲಿಯೂ ಒಂದು ಕಂಬದಂತೆ ಇನ್ನೊಂದಿಲ್ಲ. ಚಿತ್ರ ನೋಡಿದ ಕನ್ನಡಿಗರಿಗೆ ಹೊಯ್ಸಳರ ಕಂಬ ನೆನಪಾದರೆ ಆಶ್ಚರ್ಯವಿಲ್ಲ.

ನೆನಪಾದ ಮೇಲೆ ಒಂದು ವ್ಯತ್ಯಾಸವೂ ಕಾಣಬೇಕು. ಕಂಪ್ಯೂಟರಿಗೆ 32 ಬೇರೆ ಬೇರೆ ಕಂಬ ಬರೆಯುವುದೂ ಒಂದೇ ಕಂಬವನ್ನು 32 ಸಲ ಬರೆಯುವುದೂ ಒಂದೇ ಖರ್ಚು. ಬೇಲೂರಿನಲ್ಲಿ ಹಾಗಿರಲಿಲ್ಲ. ಪ್ರತಿ ಬದಲಾವಣೆಗೂ ಒಬ್ಬನ ಎಷ್ಟೋ ದಿನದ ದುಡಿಮೆ ಹೋಗುತ್ತಿತ್ತು, ಅದಕ್ಕೆ ಯಾರೋ ಒಪ್ಪಬೇಕಿತ್ತು, ಯಾರೋ ಕೂಲಿ ಕೊಡಬೇಕಿತ್ತು. ವೈವಿಧ್ಯ ಪುಕ್ಕಟೆಯಾದ ಮೇಲೆ ಅದರಿಂದಲೇ ಬೆರಗು ಹುಟ್ಟುವುದಿಲ್ಲ. ಸ್ವಿಸ್ ಗೋಪುರ ಚೆನ್ನಾಗಿರುವುದು ಕಂಬಗಳು ಬೇರೆ ಬೇರೆಯಾಗಿರುವುದರಿಂದಲ್ಲ, ಪದರಗಳನ್ನು ಮುಚ್ಚದೆ ಅದೇ ಪದರದಿಂದ ಅಲಂಕಾರ ತೆಗೆದಿರುವುದರಿಂದ.

ನಮ್ಮ ಹತ್ತಿರದ ಇನ್ನೊಂದು ಪ್ರಯೋಗ ತೆಲಂಗಾಣದ ಸಿದ್ದಿಪೇಟೆಯದು. ಅಪ್ಸುಜಾ ಇನ್ಫ್ರಾಟೆಕ್ ಮತ್ತು ಸಿಂಪ್ಲಿಫೋರ್ಜ್ ಸಂಸ್ಥೆಗಳು 2023ರಲ್ಲಿ ಅಲ್ಲಿ ದೇವಸ್ಥಾನವನ್ನೇ ಪ್ರಿಂಟ್ ಮಾಡಿದವು. ಗಣಪತಿಗೆ ಮೋದಕದಾಕಾರದ ಗರ್ಭಗುಡಿ, ಶಿವನಿಗೆ ಚೌಕ, ಪಾರ್ವತಿಗೆ ಕಮಲ. ಕಂಬ, ನೆಲ, ಚಪ್ಪಡಿ ಹಳೆಯ ಕ್ರಮದಲ್ಲೇ ಆದವು. ಸೆಂಟ್ರಿಂಗ್ ಇಲ್ಲದೆ ಒಳಕ್ಕೆ ಬಾಗುತ್ತ ಮುಚ್ಚಿಕೊಳ್ಳುವ ಗುಮ್ಮಟವನ್ನು ಹಸಿ ಗಾರೆಯಲ್ಲಿ ಎಬ್ಬಿಸುವುದು ಸಣ್ಣ ಸಾಹಸವಲ್ಲ. ಮೋದಕ ಪ್ರಿಯನಿಗೆ ಮೋದಕದ ಗುಡಿ ಎಂಬ ಯೋಚನೆ ಮಾತ್ರ ಮಕ್ಕಳ ಚಿತ್ರಪುಸ್ತಕದ ಮಟ್ಟದ್ದೆಂದು ನಮ್ಮ ಅನಿಸಿಕೆ. ಭಕ್ತರು ಕ್ಷಮಿಸಲಿ.

ಯಂತ್ರಕ್ಕೆ ನಿಜವಾಗಿ ಏನು ಬರುತ್ತದೆ ಎಂದು ತಿಳಿಯಲು ಅರಸೀಕೆರೆಗೆ ಹೋಗಬೇಕು. ಬೇಲೂರು ಹಳೇಬೀಡಿಗೆ ಹೊರಟ ಪ್ರವಾಸಿಗರು ರೈಲಿಳಿದು ಬಸ್ ಹತ್ತುವ ಊರು ಅದು, ಅಲ್ಲಿಯ ಈಶ್ವರ ದೇವಾಲಯ ನೋಡುವವರು ಕಡಿಮೆ. 1220ರ ಈ ಗುಡಿಯ ಗರ್ಭಗೃಹ ಹದಿನಾರು ಮೂಲೆಯ ನಕ್ಷತ್ರ. ಮುಂದಿನ ತೆರೆದ ಮಂಟಪವೂ ನಕ್ಷತ್ರಾಕಾರದ್ದೇ, ಮೇಲೆ ಗುಮ್ಮಟದಂಥ ಚಾವಣಿ. ಹೊಯ್ಸಳರಲ್ಲಿಯೂ ಇಂಥ ಮಂಟಪ ಅಪರೂಪ. ನಕ್ಷತ್ರದ ಸೂತ್ರ ಸರಳ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಬರೆದರೆ ಹದಿನಾರು ಮೂಲೆ ಬಂತು, ನೆಲದ ಮೇಲೆ ಗುರುತಿಸಲು ಗೂಟ ಮತ್ತು ಹಗ್ಗ ಸಾಕು. ಕಷ್ಟವಿರುವುದು ಆಮೇಲೆ, ಒಂದೊಂದು ಮೂಲೆಯನ್ನೂ ಬುಡದಿಂದ ಮೇಲಿನವರೆಗೆ ಕಲ್ಲಿನಲ್ಲಿ ಒಯ್ಯುವುದರಲ್ಲಿ. ಇವತ್ತು ಅಂಥ ಗೋಡೆ ಬೇಕೆಂದರೆ ಮೇಸ್ತ್ರಿ ಸೆಂಟ್ರಿಂಗ್‌ನವನ ಮುಖ ನೋಡುತ್ತಾನೆ, ಸೆಂಟ್ರಿಂಗ್‌ನವನು ರೇಟು ಎರಡು ಪಟ್ಟು ಹೇಳುತ್ತಾನೆ. ಹಾಗಾಗಿಯೇ ನಮ್ಮ ಊರುಗಳು ಡಬ್ಬಿಗಳಾಗಿವೆ. ಪ್ರಿಂಟರಿನ ಮೂತಿಗೋ ನೇರ ದಾರಿಯೂ ಒಂದೇ, ಮಡಚಿದ ದಾರಿಯೂ ಒಂದೇ. ಹೊಯ್ಸಳರು ಅಷ್ಟು ದುಡಿಮೆ ಸುರಿದು ಪಡೆದ ಮಡಿಕೆ ಮಡಿಕೆಯ ಗೋಡೆ ಈ ಯಂತ್ರಕ್ಕೆ ಸಲೀಸು. ಮದನಿಕೆಯ ಜಡೆ, ಬಳೆ, ಬೆರಳು ಅದಕ್ಕೆ ಬರುವುದಿಲ್ಲ. ಬೆರಳು ದಪ್ಪದ ಪದರದಲ್ಲಿ ಬೆರಳನ್ನು ಕೆತ್ತುವುದು ಹೇಗೆ? ಹಾಗಾದರೆ ಅಚ್ಚು ಮಾಡಿ, ಪುಟ್ಟಿ ಬಳಿದು, ಕಲ್ಲಿನ ಬಣ್ಣ ಹೊಡೆಯಬೇಕು. ಅಷ್ಟಕ್ಕೆ ರೋಬೋಟ್ ಯಾಕೆ, ಅದನ್ನು ಹೆದ್ದಾರಿ ಪಕ್ಕದ ಸಿಮೆಂಟ್ ಬೊಂಬೆ ಅಂಗಡಿಯವರು ಈಗಾಗಲೇ ಮಾಡುತ್ತಿದ್ದಾರೆ.

ದೋಷಗಳನ್ನೂ ಹೇಳಿಬಿಡಬೇಕು. ಜಲ್ಲಿ ಇಲ್ಲದ್ದರಿಂದ ಈ ಗಾರೆಗೆ ಸಿಮೆಂಟು ಹೆಚ್ಚು ಬೇಕು, ಜಗತ್ತಿನ ಇಂಗಾಲದ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಆಗಲೇ ನೂರಕ್ಕೆ 7-8ರಷ್ಟಿದೆ. ಪದರ ಪದರದ ನಡುವಿನ ಟೊಳ್ಳು ಕಣ್ಣಿಗೆ ಕಾಣುವುದಿಲ್ಲ. ಬೇಲೂರಿನ ಆವರಣದಲ್ಲೇ ಇರುವ ಕಪ್ಪೆ ಚೆನ್ನಿಗರಾಯನ ಕತೆಯಲ್ಲಿ ವಿಗ್ರಹದ ಹೊಟ್ಟೆಯೊಳಗೆ ನೀರೂ ಕಪ್ಪೆಯೂ ಇದ್ದುದನ್ನು ಜಕಣಾಚಾರಿಯ ಮಗ ಡಂಕಣ ಗಂಧ ಬಳಿದು ಪತ್ತೆ ಹಚ್ಚಿದ. ಪ್ರಿಂಟಾದ ಗೋಡೆಯ ಕಪ್ಪೆಯನ್ನು ಹುಡುಕುವುದು ಎಂಜಿನಿಯರುಗಳಿಗೆ ಇನ್ನೂ ತಲೆನೋವಿನ ಕೆಲಸವೇ. ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯದಲ್ಲಿ ಒತ್ತಿ ನೋಡಬೇಕು.

ನಮ್ಮ ಬೇಡಿಕೆ ಚಿಕ್ಕದು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಪಟ್ಟಿ ಸೇರಿದ ಮೇಲೆ ಬರುವ ಜನರಿಗೆ ಈ ಗೆರೆಯಾಚೆ ಬಸ್ ತಂಗುದಾಣ, ಶೌಚಾಲಯ, ಟಿಕೆಟ್ ಕೌಂಟರ್, ನೀರಿನ ಕಟ್ಟೆ ಬೇಕೇ ಬೇಕು. ಒಂದೊಂದಕ್ಕೂ ಯಂತ್ರ ತರಿಸಿದರೆ ಲಾರಿ ಬಾಡಿಗೆಗೇ ದುಡ್ಡು ಸಾಲದು. ಒಮ್ಮೆ ತಂದ ಯಂತ್ರದಿಂದ ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು, ಈ ದಾರಿಯುದ್ದಕ್ಕೂ ನಕ್ಷತ್ರದ ನಕ್ಷೆಯ ತಂಗುದಾಣಗಳನ್ನು ಕಟ್ಟಿಸಲಿ. ವಿಗ್ರಹವಿಲ್ಲ, ಲಾಂಛನವಿಲ್ಲ, ಬಣ್ಣವಿಲ್ಲ. ಮಡಿಕೆಯ ಗೋಡೆ, ಅದರ ಮೇಲೆ ಬೀಳುವ ನೆರಳು, ಕೂರಲು ಜಗಲಿ.

ಹೆಸರಿನ ಪ್ರಶ್ನೆಯೊಂದು ಉಳಿಯುತ್ತದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಕೆಳಗೆ ತಮ್ಮ ಹೆಸರು ಕೊರೆದರು. ಮಲ್ಲಿತಮ್ಮ ಜಾವಗಲ್‌ನಲ್ಲಿ, ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಸಹಿ ಮಾಡಿದ, ಎಷ್ಟೋ ಕಡೆ ಅರ್ಧ ಹೆಸರಿನಲ್ಲೇ. ಹಲಸೂರಿನ ಅಂಚೆ ಕಚೇರಿಯ ಬಗ್ಗೆ ನಾವು ಓದಿದ ಸುದ್ದಿಗಳಲ್ಲಿ ಕಂಪನಿಯ ಹೆಸರಿತ್ತು, ಸಚಿವರ ಹೆಸರಿತ್ತು. ಗಾರೆ ಹದ ಮಾಡಿದವರದು ಇರಲಿಲ್ಲ. ಹೊಸ ತಂಗುದಾಣಗಳ ಟೆಂಡರಿನಲ್ಲಿ ಅದಕ್ಕಾಗಿ ಒಂದು ಷರತ್ತು ಸೇರಿಸಬೇಕು. ನಕ್ಷೆ ಬರೆದವರು, ಹದ ನೋಡಿದವರು, ಯಂತ್ರ ನಡೆಸಿದವರು, ಮೂವರ ಹೆಸರೂ ಗೋಡೆಯ ಬುಡದಲ್ಲಿ ಕನ್ನಡದಲ್ಲಿ ಬರಲಿ. ಉದ್ಘಾಟನೆಯ ಫಲಕ ಬೇಕೇ ಬೇಕೆಂದರೆ ಅದರ ಪಕ್ಕದಲ್ಲಿ ಹಾಕಿಕೊಳ್ಳಲಿ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ.