ಮೆದುಳು ಜ್ವರ: ಎಂಆರ್‌ಐ ವರದಿಯೇ ಅಂತಿಮ ತೀರ್ಪಲ್ಲ

ಮೆದುಳು ಜ್ವರದಿಂದ ಮಗು ಐಸಿಯುನಲ್ಲಿ ಮಲಗಿರುವಾಗ ಎಂಆರ್‌ಐ ವರದಿ ಬಂದೊಡನೆ ಹೆತ್ತವರು ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಮ್ಮ ಮಗು ಮೊದಲಿನಂತಾಗುತ್ತದೆಯೇ?" ಆ ಒಂದು ಚಿತ್ರದಿಂದ ಇದಕ್ಕೆ ಖಚಿತ ಉತ್ತರವನ್ನು ಯಾರೂ ನಿರೀಕ್ಷಿಸಬಾರದು, ಯಾರೂ ಕೊಡಲೂಬಾರದು ಎಂಬುದು ನನ್ನ ಅಭಿಪ್ರಾಯ.

ಸೊಳ್ಳೆಯಿಂದ ಬರುವ ಮೆದುಳು ಜ್ವರಗಳಲ್ಲಿ ಮುಖ್ಯವಾದುದು ಜಪಾನೀಸ್ ಎನ್ಸೆಫಲೈಟಿಸ್. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಿಂದ ಇದರ ವೈರಸನ್ನು ಮನುಷ್ಯರಿಗೆ ತರುತ್ತವೆ. ಸೋಂಕು ತಗಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಮೆದುಳಿಗೆ ಏರಿದರೆ ನೂರರಲ್ಲಿ 30 ಮಂದಿಯವರೆಗೆ ಸಾಯಬಹುದು. ಬದುಕುಳಿದ ಹಲವರಿಗೆ ಫಿಟ್ಸ್, ಮಾತಿನ ತೊಂದರೆ, ಕೈಕಾಲಿನ ದೌರ್ಬಲ್ಯ ಉಳಿಯುತ್ತದೆ. ವೈರಸನ್ನು ಕೊಲ್ಲುವ ಔಷಧಿ ಇಲ್ಲ.

ಈ ಕಾಯಿಲೆಯಲ್ಲಿ ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗ ಎರಡೂ ಬದಿಗಳಲ್ಲಿ ಹಾನಿಗೊಳ್ಳುವುದು ಸಾಮಾನ್ಯ. ಸಿಟಿ ಸ್ಕ್ಯಾನ್‌ನಲ್ಲಿ ಕಾಣದ ಹಾನಿ ಎಷ್ಟೋ ಸಲ ಎಂಆರ್‌ಐಯಲ್ಲಿ ಕಾಣುತ್ತದೆ. ಅದು ಚಲನೆಯನ್ನು ನಿಯಂತ್ರಿಸುವ ಭಾಗಗಳಿಗೂ ಹರಡಿದ್ದರೆ ಮುಂದೆ ಕೈಕಾಲು ಬಿಗಿತ, ನಡುಕ ಬರಬಹುದೆಂದು ವೈದ್ಯರು ಮೊದಲೇ ಊಹಿಸಬಲ್ಲರು. ಇದು ದೊಡ್ಡ ಉಪಕಾರ. ಆದರೆ ಆರಂಭದ ಚಿತ್ರದಲ್ಲಿ ಕಾಣುವ ಕಲೆಯಲ್ಲಿ ಇಳಿದುಹೋಗಬಲ್ಲ ಊತವೂ ಸೇರಿರಬಹುದು. ಪ್ರಜ್ಞೆ ಎಷ್ಟು ತಪ್ಪಿದೆ, ಫಿಟ್ಸ್ ಹತೋಟಿಗೆ ಬಂದಿದೆಯೇ, ಉಸಿರಾಟ ಹೇಗಿದೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಅಪಾಯ ಎರಡು ಕಡೆಯಿಂದಲೂ ಇದೆ. ವರದಿ ಕೆಟ್ಟದಾಗಿದ್ದರೆ "ಇನ್ನು ಪ್ರಯೋಜನವಿಲ್ಲ" ಎಂದು ಮಗುವನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ವರದಿ ಚೆನ್ನಾಗಿದ್ದರೆ ಮರುತಪಾಸಣೆಗೇ ಬಾರದವರಿದ್ದಾರೆ. ಚೇತರಿಕೆ ತಿಂಗಳುಗಟ್ಟಲೆ ಸಾಗುವ ಕಾಯಿಲೆಯಲ್ಲಿ ಇವೆರಡೂ ಮಗುವಿಗೆ ನಷ್ಟ.

ಆದ್ದರಿಂದ ವರದಿ ಹಿಡಿದು ಹೀಗೆ ಕೇಳಿ: ಯಾವ ಭಾಗಕ್ಕೆ ಹಾನಿಯಾಗಿದೆ? ಅದರಿಂದ ನುಂಗುವುದಕ್ಕೆ, ಮಾತಿಗೆ, ನಡಿಗೆಗೆ ತೊಂದರೆಯಾಗಬಹುದೇ? ಫಿಸಿಯೋಥೆರಪಿ ಯಾವಾಗ ಶುರು ಮಾಡಬೇಕು? ಮರುತಪಾಸಣೆ ಯಾವಾಗ? ವೈದ್ಯರೂ ಇವುಗಳಿಗೆ ಹೆತ್ತವರಿಗೆ ಅರ್ಥವಾಗುವ ಮಾತಿನಲ್ಲಿ ಉತ್ತರಿಸಬೇಕು.

ಸ್ಕ್ಯಾನಿನ ತನಕ ಹೋಗದಿರುವ ದಾರಿಯೂ ಇದೆ. ರೋಗ ಕಾಣಿಸುವ ಜಿಲ್ಲೆಗಳಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳೊಳಗೆ ಸರಕಾರ ಈ ಲಸಿಕೆಯನ್ನು ಉಚಿತವಾಗಿ ಕೊಡುತ್ತದೆ. ನಿಮ್ಮ ಮಗುವಿನ ತಾಯಿ ಕಾರ್ಡ್ ತೆಗೆದು ಇಂದೇ ನೋಡಿ. ಇನ್ನು ಜ್ವರದೊಂದಿಗೆ ಫಿಟ್ಸ್, ವಿಪರೀತ ಮಂಪರು ಅಥವಾ ಅಸಂಬದ್ಧ ಮಾತು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.